ನಿವಾಸಿ ಎಂಬ ಕಾಲಮ್ಮಿನಲ್ಲಿ ನಾನು

ಆದಾಯ ತೆರಿಗೆಯ ನೋಟಿಸು ಬಂದಾಗ ನನಗೆ ಭಯವೇನೂ ಆಗಲಿಲ್ಲ. ತಪ್ಪು ಅವರದೇ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ನಾನು ಭಾರತದ ನಿವಾಸಿಯಂತೆ, ಹಾಗಾಗಿ ಕುವೈತಿನ ಸಂಬಳಕ್ಕೂ ಅಲ್ಲಿ ತೆರಿಗೆ ಕಟ್ಟಬೇಕಂತೆ. ಹನ್ನೊಂದು ವರ್ಷದಿಂದ ಅಬು ಹಲೀಫಾದ ನಾಲ್ಕನೇ ಮಹಡಿಯಲ್ಲಿರುವವನಿಗೆ ಈ ಮಾತು.

"ನೀವೇ ಎಂತಾದ್ರೂ ತಪ್ಪು ತುಂಬಿಸಿದ್ದೀರಾ ಅಂತ ಒಮ್ಮೆ ನೋಡಿ" ಎಂದಳು ಹೆಂಡತಿ ಶೋಭಾ. ಅವಳು ನರ್ಸು. ಯಾವುದನ್ನೂ ಎರಡು ಸಲ ನೋಡದೆ ಬಿಡುವವಳಲ್ಲ.

"ನೋಡ್ಲಿಕ್ಕೆ ಎಂತ ಉಂಟು? ಇದು ಸಿದ್ಧಾಂತದ ಪ್ರಶ್ನೆ" ಎಂದೆ.

ಮೂರು ಪುಟದ ಉತ್ತರ ಬರೆಯಲು ಕೂತೆ. ಕಿಟಕಿಯಾಚೆ ಸಮುದ್ರ ಬೆಳ್ಳಗೆ ಮಲಗಿತ್ತು. ಅದಿರುವುದು ಪೂರ್ವಕ್ಕೆ. ಸುಮ್ಮನೆ ನೋಡುತ್ತಿದ್ದರೆ ನೀರು ಮುಗಿಯುವಲ್ಲಿ ಮಲ್ಪೆಯ ದೋಣಿಗಳು ಕಂಡಂತಾಗುತ್ತದೆ. ಆ ಗುಂಗಿನಲ್ಲೇ ಕೊನೆಗೊಂದು ಸಾಲು ಸೇರಿಸಿದೆ: "ದೇಹ ಮಾತ್ರ ಇಲ್ಲಿದೆ, ಉಳಿದಂತೆ ನಾನು ಸದಾ ಊರಿನಲ್ಲೇ ಇರುತ್ತೇನೆ." ಓದಿ ನನಗೇ ಕಣ್ಣು ತುಂಬಿತು. ಕಳಿಸಿಬಿಟ್ಟೆ.

ಮುಂದಿನ ನೋಟಿಸಿನಲ್ಲಿ ವಿಡಿಯೊ ವಿಚಾರಣೆಗೆ ಕರೆ. ಇಸ್ತ್ರಿ ಶರ್ಟು ಹಾಕಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಅಧಿಕಾರಿ ಕನ್ನಡದ ಹೆಂಗಸು, ಮೆಲುದನಿ.

"ಸದಾ ಊರಿನಲ್ಲೇ ಇರ್ತೀನಿ ಅಂತ ಬರೆದಿದ್ದೀರಲ್ಲ?"

"ಅದು ಭಾವನೆ, ಮೇಡಂ."

"ರಿಟರ್ನ್‌ನಲ್ಲೂ ನಿವಾಸಿ ಅಂತಲೇ ಗುರುತು ಮಾಡಿದ್ದೀರಿ. ಅದೂ ಭಾವನೆಯಾ?"

ಪರದೆಯ ಮೇಲೆ ನಾನೇ ತುಂಬಿದ ರಿಟರ್ನ್ ಮೂಡಿತು. ಆಗ ನೆನಪಾಯಿತು. ಊರಿನ ಮನೆಯ ಬಾಡಿಗೆ ತೋರಿಸಲೆಂದು ಅದನ್ನು ತುಂಬಿದ ದಿನವೂ ನನ್ನ ಕಣ್ಣು ಸಮುದ್ರದ ಮೇಲೇ ಇತ್ತು. ನಿವಾಸಿಯೋ, ಅನಿವಾಸಿಯೋ ಎಂಬ ಪ್ರಶ್ನೆ ಬಂದಿತ್ತು. ನನ್ನ ಬಳಿ ಇಕಾಮಾ ಇದೆ, ಕುವೈತಿನಲ್ಲಿ ವಾಸಿಸಲು ಸರ್ಕಾರವೇ ಕೊಟ್ಟ ಪರವಾನಗಿ. ಅಂದಮೇಲೆ ನಿವಾಸಿಯೇ ತಾನೆ ಎಂದು ಹೆಮ್ಮೆಯಿಂದ ಒತ್ತಿದ್ದೆ. ಅವರು ಕೇಳುತ್ತಿದ್ದುದು ಭಾರತದ ಮಾತು ಎಂದು ಹೊಳೆದಿರಲಿಲ್ಲ.

ಪಕ್ಕದಲ್ಲಿದ್ದ ಶೋಭಾ ಎದ್ದು ಹೋಗಿ ನನ್ನ ಪಾಸ್‌ಪೋರ್ಟ್ ತಂದು ಮುಂದಿಟ್ಟಳು.

"ಅದರ ಪುಟಗಳನ್ನ ಕಳಿಸಿ, ಸಾಕು. ಭಾರತದಲ್ಲಿ ಎಷ್ಟು ದಿನ ಇದ್ರಿ ಅನ್ನೋದೇ ಲೆಕ್ಕ. ಪತ್ರ ಬೇಡ" ಎಂದರು ಅಧಿಕಾರಿ.

ಮೊಹರುಗಳನ್ನು ನೋಡಿ ದಿನಗಳನ್ನು ಶೋಭಾಳೇ ಎರಡು ಸಲ ಎಣಿಸಿದಳು. ಆ ವರ್ಷ ನಾನು ಊರಿನಲ್ಲಿದ್ದದ್ದು ಇಪ್ಪತ್ತಾರು ದಿನ. ಅಷ್ಟೇನಾ ಎಂದು ನನಗೆ ಬೇಸರವಾಯಿತು. ತಿಂಗಳೆರಡು ಕಳೆದ ಮೇಲೆ ನೋಟಿಸು ರದ್ದಾಯಿತು.

ಈ ವರ್ಷದ ರಿಟರ್ನ್ ತುಂಬಿದವಳು ಶೋಭಾ. ಮೊಬೈಲಿಗೆ ಬಂದ ಒಟಿಪಿಯನ್ನು ಓದಿ ಹೇಳುವುದಷ್ಟೇ ನನ್ನ ಕೆಲಸ. ಬಹಳ ಗಾಂಭೀರ್ಯದಿಂದ ಓದಿದೆ.

"ಅದು ಪಿಜ್ಜಾದವರದ್ದು ಮಾರಾಯ್ರೇ" ಎಂದು ಅವಳು ಮೊಬೈಲನ್ನೂ ತೆಗೆದುಕೊಂಡಳು.