ಏಳನೆಯ ಸದಸ್ಯೆ ಶ್ರೀಮತಿ ಗುಡ್ಡವ್ವ ಅವರ ನಿಧನದ ಕುರಿತು

ರಾಣೆಬೆನ್ನೂರಿನ ಸಾಹಸ ಕಥಾ ಕ್ರೀಡಾ ಸಂಘದ (ನೋಂದಾಯಿತ) ಏಳನೆಯ ಸದಸ್ಯೆ ಶ್ರೀಮತಿ ಗುಡ್ಡವ್ವ ಅವರು ಬೆಂಕಿಯುಗುಳುವ ಡ್ರ್ಯಾಗನ್ ಆಗಿದ್ದಾರೆ. ಈ ಸಂಗತಿಯನ್ನು ಸಂಘವು ಯಾರಿಂದಲೂ ಮುಚ್ಚಿಟ್ಟಿಲ್ಲ. ಸದಸ್ಯರು ಮನುಷ್ಯರೇ ಹೌದೋ ಅಲ್ಲವೋ ಎಂದು ಕೇಳುವ ಕಾಲಂ ನೋಂದಣಿ ಅರ್ಜಿಯಲ್ಲಿ ಇರಲಿಲ್ಲ. ಇಲ್ಲದ ಕಾಲಂ ತುಂಬುವುದು ನಿಯಮಬಾಹಿರ.

ಕಾರ್ಯದರ್ಶಿಯಾದ ನಾನು ಮೊದಲು ಆಟವನ್ನು ವಿವರಿಸಬೇಕು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು ‘ನಾನು ಬಾಗಿಲು ಮುರಿಯುತ್ತೇನೆ’, ‘ನಾನು ಗುಹೆಯೊಳಗೆ ಹೋಗುತ್ತೇನೆ’ ಎಂದು ಹೇಳುತ್ತಾರೆ. ಹೇಳಿದ್ದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಕುದುರೆ, ಕತ್ತಿ, ಕೋಟೆ ಎಲ್ಲವೂ ಬಾಯಿಮಾತಿನಲ್ಲೇ. ಹೀಗಾಗಿ ಸರಕಾರಿ ಕಚೇರಿಗಳಲ್ಲಿ ದುಡಿದು ಬಂದವರಿಗೆ ಈ ಆಟ ಬೇಗ ಹಿಡಿಸುತ್ತದೆ.

ಕಥೆ ನಡೆಸುವವಳು ಮೇಘಾ; ಗುಡ್ಡವ್ವನ ಮಾತೂ ಅವಳ ಬಾಯಿಂದಲೇ. ಬೀಜದ ಕಂಪನಿಯೊಂದರ ಲ್ಯಾಬಿನಲ್ಲಿ ದಿನವಿಡೀ ಯಾವ ಬೀಜ ಮೊಳೆಯಿತು, ಯಾವುದು ಮೊಳೆಯಲಿಲ್ಲ ಎಂದು ನೋಡುವುದು ಅವಳ ಕೆಲಸ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಮೈಲಾರೆಪ್ಪ ನಮ್ಮ ಮಾಂತ್ರಿಕ. ಅವರು ಅಂಗಿ ಝಾಡಿಸಿದರೆ ಸುತ್ತ ಕೂತವರೆಲ್ಲ ಸೀನುತ್ತಾರೆ, ಅವರು ಮಾತ್ರ ಸೀನುವುದಿಲ್ಲ. ಇದನ್ನೇ ಮೇಘಾ ಮಂತ್ರಶಕ್ತಿ ಎಂದು ಮಾನ್ಯ ಮಾಡಿದ್ದಾಳೆ. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವ ಕಿರಣಕುಮಾರನದು ಕಳ್ಳನ ಪಾತ್ರ. ಅವನು ಬಹಳಷ್ಟು ಹೊತ್ತು ನಿದ್ದೆಯಲ್ಲೇ ಇರುವುದರಿಂದ ರಾಜ್ಯದಲ್ಲಿ ಇದುವರೆಗೆ ಕಳವು ನಡೆದಿಲ್ಲ. ಹಾವೇರಿಯಿಂದ ಬಸ್ಸಿಗೆ ಬರುವ ನಾನು ವೈದ್ಯೆ. ನಾನು ಮದ್ದು ಕೊಟ್ಟವರಲ್ಲಿ ಯಾರೂ ಬದುಕಿ ಉಳಿದಿಲ್ಲ, ಯಾರೂ ದೂರು ಕೊಟ್ಟಿಲ್ಲ.

ಯೋಧೆ ಸುಶ್ಮಿತಾ. ಅವಳು ಒಂದು ಕಚೇರಿಯ ಜನನ-ಮರಣ ಕೌಂಟರಿನಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಒತ್ತುತ್ತಾಳೆ. ಯಾವ ಕಚೇರಿ ಎಂದು ಬರೆದರೆ ಅವಳ ಗುತ್ತಿಗೆ ಹೋಗುತ್ತದೆ. ಗಾಜಿನ ಆಚೆಯಿಂದ ಜನ ಬೈಯುತ್ತಾರೆ, ಈಚೆಯಿಂದ ಸಾಹೇಬರು ಬೈಯುತ್ತಾರೆ. ಅವಳು ಎರಡೂ ಕಡೆ ಮುಖ ತಿರುಗಿಸಿ ‘ನೋಡ್ತೇವ್ರಿ’ ಎನ್ನಬೇಕು. ಶನಿವಾರ ಸಂಜೆ ಮಾತ್ರ ಅವಳ ಕೈಯಲ್ಲಿ ಕತ್ತಿ ಇರುತ್ತದೆ. ಆಟದ ಮೊದಲ ದಿನವೇ ಗುಡ್ಡವ್ವ ಕಥೆಯೊಳಗಿನ ಅವಳ ಊರನ್ನು ಸುಟ್ಟಿದ್ದಳು. ಊರಿನ ಜೊತೆಗೆ ಬಂಗಾರಿ ಎಂಬ ಆಡೂ ಸುಟ್ಟುಹೋಯಿತು. ಊರು ಹೋದದ್ದಕ್ಕೆ ಸುಶ್ಮಿತಾ ಅಷ್ಟೇನೂ ಮಾತಾಡಲಿಲ್ಲ. ಆಡಿನ ವಿಷಯ ಎರಡು ವರ್ಷದಿಂದ ಮರೆತಿರಲಿಲ್ಲ.

“ಒಂದ ಸಲ, ಮೇಡಮ್ಮಾರ,” ಎಂದು ಅವಳು ನನಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದಳು. “ಜೀವನದಾಗ ಒಂದ ಸಲ ನಾ ಒಂದ ಕೆಲಸ ಪೂರಾ ಮುಗಿಸಿ ಮನಿಗಿ ಹೋಗ್ಬೇಕ್ರಿ. ಪೆಂಡಿಂಗ್ ಇಡದಂಗ.”

ನೋಂದಣಿಯ ಅಗತ್ಯ ಬಿದ್ದದ್ದು ಕೋಣೆಯ ಸಲುವಾಗಿ. ಸ್ಟೇಶನ್ ರಸ್ತೆಯ ಒಂದು ಖಾಸಗಿ ವಾಚನಾಲಯದ ಮಾಳಿಗೆಯ ಕೋಣೆ ಶನಿವಾರ ಖಾಲಿ ಇತ್ತು. ಅದರ ಕೀಲಿ ವಾಚನಾಲಯ ನೋಡಿಕೊಳ್ಳುವ ಇಂದಿರಾಬಾಯಿಯವರ ಸೊಂಟದಲ್ಲಿತ್ತು. ನೋಂದಣಿಯಾದ ಸಂಘಕ್ಕಷ್ಟೇ ಕೀಲಿ ಎಂದರು. ನೋಂದಣಿಗೆ ಏಳು ಮಂದಿ ಬೇಕು. ನಾವು ಕೋಣೆ ನೋಡಲು ಹತ್ತಿದ ದಿನ ಕೆಳಗೆ ಪೇಪರ್ ಓದುತ್ತಿದ್ದ, ನಿವೃತ್ತ ಆಫೀಸ್ ಸೂಪರಿಂಟೆಂಡೆಂಟ್ ಆನಂದತೀರ್ಥರು ‘ಮ್ಯಾಲೆ ಯಾರು ಒದರ್ಲಿಕ್ಕೆ ಹತ್ಯಾರ?’ ಎಂದು ಕೇಳಲು ಮೆಟ್ಟಿಲು ಹತ್ತಿದವರು ಇಳಿಯುವಷ್ಟರಲ್ಲಿ ಅಧ್ಯಕ್ಷರಾಗಿದ್ದರು. ಆದರೂ ಆರೇ ಮಂದಿ.

“ಏಳನೇದಾಕಿ ಗುಡ್ಡವ್ವ ಇದ್ದಾಳಲ್ರಿ,” ಎಂದರು ಮೈಲಾರೆಪ್ಪ. “ನಮ್ಮೆಲ್ಲಾರಕ್ಕಿಂತ ರೆಗ್ಯುಲರ್ ಬರ್ತಾಳ.”

ಯಾರೂ ನಗಲಿಲ್ಲ. ಮಾತು ನಿಜವಿತ್ತು.

ಸಂಬಂಧಪಟ್ಟ ಕಚೇರಿಯ ಗುಮಾಸ್ತರು ಅರ್ಜಿಯ ಪ್ರತಿ ಸಾಲಿನ ಮೇಲೂ ಬೆರಳಾಡಿಸಿ ಪರಿಶೀಲಿಸಿದರು.

“ಗುಡ್ಡವ್ವ. ವಯಸ್ಸು?”

“ಒಂಬೈನೂರ್ರಿ,” ಎಂದಳು ಮೇಘಾ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

“ಡಬ್ಬಿ ಎರಡ ಅದಾವು. ಮೂರ ಅಂಕಿ ಎಲ್ಲಿ ಕುಂಡ್ರಸಲಿ?”

“ಹಂಗಾರ ಒಂದ ಸೊನ್ನಿ ತಗೀರಿ.”

ತೊಂಬತ್ತು ಎಂದಾಯಿತು. ಉದ್ಯೋಗದ ಎದುರು ‘ಸ್ವಂತ’ ಎಂದು ಬರೆಯಲಾಯಿತು. ‘ಶ್ರೀಮತಿ’ ಎಂಬುದನ್ನು ಗುಮಾಸ್ತರೇ ಗೌರವಪೂರ್ವಕವಾಗಿ ಸೇರಿಸಿದರು. ಸಹಿ ಬಾಕಿ ಇತ್ತು. ಮರುದಿನ ಹೆಬ್ಬೆಟ್ಟಿನ ಗುರುತು ಹಾಕಿಸಿ ತರಲಾಯಿತು. ಅದು ಮೈಲಾರೆಪ್ಪನವರ ಬಲಗಾಲಿನ ಹೆಬ್ಬೆರಳಿನದು. ಪ್ರಾಣಿಯ ಪರವಾಗಿ ಕಾಲಿನದೇ ಹೆಚ್ಚು ಪ್ರಾಮಾಣಿಕ ಎಂಬುದು ಅಂದಿನ ಸಭೆಯ ಅಭಿಪ್ರಾಯ.

“ಇಷ್ಟ ದೊಡ್ಡದೇನ್ರಿ ಹೆಬ್ಬೆಟ್ಟು?” ಎಂದರು ಗುಮಾಸ್ತರು.

“ದೊಡ್ಡ ಮನಿತನದಾಕಿ ರೀ,” ಎಂದರು ಮೈಲಾರೆಪ್ಪ.

ಮೊಹರು ಬಿತ್ತು.

ಇಂದಿರಾಬಾಯಿ ಏಳು ಕುರ್ಚಿ ಎಣಿಸಿ ಒಪ್ಪಿಸಿದರು. ಎಂಟನೆಯದು ಸಿಗುವುದಿಲ್ಲವೆಂದೂ, ನಿಂತು ಆಡುವವರಿಗೆ ಕೋಣೆ ಇಲ್ಲವೆಂದೂ ತಿಳಿಸಿದರು. ಏಳನೆಯ ಕುರ್ಚಿ ಗುಡ್ಡವ್ವನದು. ಅದನ್ನು ಅವರು ಪ್ರತಿ ಶನಿವಾರ ಒರೆಸುತ್ತಾರೆ. ಏಳು ಕಪ್ ಚಹಾ ಕಳಿಸುತ್ತಾರೆ. ಏಳನೆಯದನ್ನು ಕಿರಣಕುಮಾರ ಪ್ರಭಾರದ ಮೇಲೆ ಕುಡಿಯುತ್ತಾನೆ.

ಹೀಗಿರಲು ಒಂದು ಶನಿವಾರ, ಎರಡು ವರ್ಷದ ಅಲೆದಾಟದ ನಂತರ, ಸುಶ್ಮಿತಾ ಗುಹೆಯ ಬಾಯಿಗೆ ಬಂದಳು.

“ಗುಡ್ಡವ್ವ ರೆಕ್ಕಿ ಬಿಚ್ಚಿ ನಿಂತಾಳ,” ಎಂದಳು ಮೇಘಾ, ದನಿ ತಗ್ಗಿಸಿ. “ಆಕಿ ಎದಿ ಮ್ಯಾಗಿನ ಒಂದ ಚಿಪ್ಪು ಕಿತ್ತೈತಿ. ಸುಶ್ಮಿ, ಏನ್ ಮಾಡ್ತಿ?”

“ಏನ್ ಮಾಡ್ತಿ ಅಂತ ಕೇಳ್ತಾಳ ನೋಡ್ರಿ! ಹೊಡಿತೇನಿ. ಅಲ್ಲೇ ಹೊಡಿತೇನಿ. ಬಂಗಾರಿ ಸಲುವಾಗಿ.”

ದಾಳ ಅವಳ ಮುಷ್ಟಿಯಲ್ಲಿತ್ತು. ಆ ಮುಷ್ಟಿಯ ಮೇಲೆ ಆನಂದತೀರ್ಥರು ಅಂಗೈ ಇಟ್ಟರು.

“ತಡೀರಿ. ಕ್ರಿಯಾಲೋಪ ಆಗ್ಲಿಕ್ಕೆ ಹತ್ತದ.”

“ರಾಯರ, ಯುದ್ಧ ನಡದೈತ್ರಿ!”

“ನಡೀಲಿ. ಆದ್ರ ಈಕಿ ಸತ್ಲು ಅಂದ್ರ ನಾವು ಆರು ಮಂದಿ. ಆರು ಮಂದಿಗೆ ಸಂಘ ಇಲ್ಲ. ಸಂಘ ಇಲ್ಲಂದ್ರ ಕೋಣಿ ಇಲ್ಲ. ಕೋಣಿ ಇಲ್ಲಂದ್ರ ಯುದ್ಧ ಎಲ್ಲಿ ಮಾಡ್ತೀ ತಂಗಿ, ರಸ್ತೆದಾಗ?”

“ಬ್ಯಾರೆ ಯಾರನ್ನರ ಸೇರಿಸ್ಕೊಳ್ರಿ ಹಂಗಾರ.”

“ಸ್ಥಾನ ಖಾಲಿ ಇಲ್ಲಲ್ಲ. ಆಕಿ ಇದ್ದಾಳ.”

“ಅದಕ್ಕ ಕೊಲ್ತೇನಿ ಅಂತೇನಿ!”

“ಕೊಂದ್ರ ಸಂಘ ಇಲ್ಲಲ್ಲ.”

ಸುಶ್ಮಿತಾ ಮೈಲಾರೆಪ್ಪನವರ ಕಡೆ ನೋಡಿದಳು. ಅವರು ಛಾವಣಿ ನೋಡಿದರು. ಕೂಡಲೇ ಕೆಳಕಂಡ ಠರಾವು ಮಂಡನೆಯಾಯಿತು: ‘ಸಂಘದ ಯಾವುದೇ ಸದಸ್ಯರನ್ನು ಮತ್ತೊಬ್ಬ ಸದಸ್ಯರು ಪೂರ್ವಾನುಮತಿ ಇಲ್ಲದೆ ಕೊಲ್ಲತಕ್ಕದ್ದಲ್ಲ.’ ಮೇಘಾ ತನ್ನ ಬಲಗೈಯಿಂದ ವಿರೋಧಿಸಿ, ಗುಡ್ಡವ್ವನ ಪರವಾಗಿ ಎಡಗೈ ಎತ್ತಿ ಬೆಂಬಲಿಸಿದಳು. ಠರಾವು ಪಾಸಾಯಿತು.

ಆದರೆ ಸಂಘವು ಸುಶ್ಮಿತಾಳ ದುಃಖವನ್ನು ಕಡೆಗಣಿಸಿತು ಎಂದು ಯಾರೂ ಹೇಳುವಂತಿಲ್ಲ. ಊರು ಸುಟ್ಟ ಬಗ್ಗೆ ಗುಡ್ಡವ್ವನಿಗೆ ಕಾರಣ ಕೇಳಿ ನೋಟಿಸು ಕೊಡಲಾಯಿತು. ‘ಕನ್ನಡಕ ಇಲ್ಲ, ಸಮಯ ಬೇಕು’ ಎಂದು ಆಕೆ ಉತ್ತರಿಸಿದಳು. ಕಿರಣಕುಮಾರನನ್ನು ವಿಚಾರಣಾಧಿಕಾರಿಯಾಗಿ ನೇಮಿಸಲಾಯಿತು. ಅವನು ಎಚ್ಚರಾದ ವಾರ ವರದಿ ಸಲ್ಲಿಸಿದ. ಸದರಿ ಊರು ಹೊಲದ ಜಮೀನಿನಲ್ಲಿ ಎನ್.ಎ. (ಕೃಷಿಯೇತರ ಪರಿವರ್ತನೆ) ಮಾಡಿಸದೆ ಕಟ್ಟಿದ್ದಾಗಿದ್ದು, ದಾಖಲೆಯಲ್ಲಿ ಊರೇ ಇರುವುದಿಲ್ಲ. ಇಲ್ಲದ ಊರು ಸುಡುವ ಪ್ರಶ್ನೆ ಉದ್ಭವಿಸುವುದಿಲ್ಲ. ಆಡಿಗೆ ಕಿವಿಬಿಲ್ಲೆ ಹಾಕಿಸಿದ ಬಗ್ಗೆ ಪುರಾವೆ ಇಲ್ಲ.

“ನನ್ನ ಆಡು ಇರಲೇ ಇಲ್ಲ ಅಂತೀಯೇನೋ ಕಿರ್ಣ್ಯಾ?”

“ಇರ್ಲಿಲ್ಲ ಅಂತಿಲ್ಲಕ್ಕಾ. ಇತ್ತು ಅನ್ನಾಕ ಆಧಾರ ಇಲ್ಲ ಅಂತೇನಿ, ಅಷ್ಟ.”

ಸುಶ್ಮಿತಾ ದಾಳವನ್ನು ಮೇಜಿನ ಆಚೆ ತಳ್ಳಿದಳು. ಆ ವಾಕ್ಯ ಅವಳ ಕೌಂಟರಿನದೇ. ಶಬ್ದವೂ ಬದಲಾಗಿರಲಿಲ್ಲ.

ಅಲ್ಲಿಂದ ಮುಂದೆ ನಾವು ಗುಹೆಯ ಮುಂದೆ ಹಾಯುವಾಗ ನಮಸ್ಕಾರ ಮಾಡಿ ಹಾಯುತ್ತಿದ್ದೆವು. ಸುಶ್ಮಿತಾ ಕತ್ತಿಯನ್ನು ಒರೆಯಿಂದ ತೆಗೆಯಲಿಲ್ಲ. ‘ನೀ ಏನ್ ಮಾಡ್ತಿ?’ ಎಂದು ಮೇಘಾ ಕೇಳಿದರೆ ‘ನೋಡ್ತೇವ್ರಿ’ ಎನ್ನತೊಡಗಿದಳು. ಮೇಘಾ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ಬಂದು, “ಇನ್ನೆರಡ ವಾರ ನೋಡ್ತಾಳ, ಆಮ್ಯಾಲೆ ಆಟ ಬಿಡ್ತಾಳ್ರಿ ಮೇಡಮ್ಮಾರ,” ಎಂದಳು. ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಅವಳಿಗೆ ನೋಡಿದರೆ ಗೊತ್ತಾಗುತ್ತದೆ.

ಆ ಹೊತ್ತಿಗೆ ಸಾಂಸ್ಕೃತಿಕ ಸಂಘಗಳಿಗೆ ಅನುದಾನ ಬರುತ್ತದಂತೆ ಎಂಬ ಸುದ್ದಿ ಹಬ್ಬಿತು. ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಖಜಾಂಚಿ ಯಾರಾಗಬೇಕು ಎಂಬುದು ಆನಂದತೀರ್ಥರಿಗೆ ತಿಳಿದಿತ್ತು. ಅವರ ತಂಗಿಯ ಮಗ ಅಣ್ಣಾಜಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದಾನೆ. ಅವನು ಬಂದು ಗೋಡೆಗೆ ಆತು ನಿಂತ. ಕುರ್ಚಿ ಇರಲಿಲ್ಲ.

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು.

“ಸುಶ್ಮಿತಾನ ಅರ್ಜಿ ಭಾಳ ದಿನದಿಂದ ಬಾಕಿ ಅದ. ಹೆಣ್ಣಮಗಳ ಭಾವನಾ ಅದ ಅದರಾಗ. ನಾವು ಇಷ್ಟು ಕಠೋರ ಆಗಬಾರ್ದು. ಕೊಲ್ಲಲಿ.”

“ಆರ ಮಂದಿ ಆಕ್ಕೇವಲ್ರಿ ರಾಯರ?” ಎಂದರು ಮೈಲಾರೆಪ್ಪ.

“ಆಗೂದಿಲ್ಲ. ಉಪನಿಯಮ ಮಾಡೀನಿ.”

ಉಪನಿಯಮ ಹೀಗಿತ್ತು: ‘ಮೃತ ಸದಸ್ಯರ ಸದಸ್ಯತ್ವವು ಮರಣ ಪ್ರಮಾಣಪತ್ರ ಹಾಜರುಪಡಿಸಿದ ದಿನದಿಂದ ಕೊನೆಗೊಳ್ಳತಕ್ಕದ್ದು. ಅಲ್ಲಿಯವರೆಗೆ ಮೃತರು ಎಲ್ಲ ಹಕ್ಕುಬಾಧ್ಯತೆಗಳೊಂದಿಗೆ ಸದಸ್ಯರಾಗಿ ಮುಂದುವರಿಯತಕ್ಕದ್ದು.’ ಪ್ರಮಾಣಪತ್ರ ಒಂದು ಕೈಯಿಂದ ಬಂದರೆ ಅದೇ ಗಳಿಗೆ ಅಣ್ಣಾಜಿಯ ಅರ್ಜಿ ಇನ್ನೊಂದು ಕೈಯಿಂದ ಬರುತ್ತದೆ. ಸಂಘ ಒಂದು ಕ್ಷಣವೂ ಆರಕ್ಕೆ ಇಳಿಯುವುದಿಲ್ಲ. ರಾಯರ ನಲವತ್ತು ವರ್ಷದ ಕಚೇರಿ ಸೇವೆ ಸುಮ್ಮನೆ ಹೋಗುವುದಿಲ್ಲ.

ಅನುಮತಿಯ ಠರಾವನ್ನೂ ಅವರೇ ಬರೆದರು. ಸುಶ್ಮಿತಾ ಕತ್ತಿ ತೆಗೆದಳು. ದಾಳ ಮೇಜಿನಿಂದ ಉರುಳಿ ಗುಡ್ಡವ್ವನ ಕುರ್ಚಿಯ ಕೆಳಗೆ ಹೋಯಿತು. ಎಲ್ಲರೂ ಬಗ್ಗಿ ನೋಡಿದೆವು. ಹದಿನೇಳು. ಸಾಕಾಗಿತ್ತು.

ಅವಳು ಒದರಿದ್ದು ಕೆಳಗೆ ಪೇಪರ್ ಓದುವವರಿಗೂ ಕೇಳಿಸಿತು. ಅದರಲ್ಲಿ ಸಾಹೇಬರಿದ್ದರು, ಗಾಜಿತ್ತು, ಬಂಗಾರಿ ಇತ್ತು. ಮೇಘಾ “ಸತ್ಲು” ಎಂದು ಸಣ್ಣ ದನಿಯಲ್ಲಿ ಹೇಳಿ ನೀರು ಕುಡಿದಳು. ಎರಡು ವರ್ಷ ಆ ಬಾಯಿಯಿಂದ ಮಾತಾಡಿದವಳು ಅವಳೇ. ಎರಡು ನಿಮಿಷ ಮೌನ ಆಚರಿಸಲಾಯಿತು. ಮೌನ ಮುಗಿಯುವ ಮೊದಲೇ ಅಣ್ಣಾಜಿ ಫ್ಲೆಕ್ಸ್ ಬಿಚ್ಚಿದ. ‘ಭಾವಪೂರ್ಣ ಶ್ರದ್ಧಾಂಜಲಿ’ಯ ಕೆಳಗೆ ಯಾರದೋ ಅಜ್ಜಿಯ ಫೋಟೋ ಇತ್ತು. ಇಂದಿರಾಬಾಯಿ ಅದನ್ನು ನೋಡಿ, “ಕಡೀತನಕಾ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ನೋಡ್ರಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸೋಮವಾರ ಅಣ್ಣಾಜಿ ಅರ್ಜಿ ಹಿಡಿದು ಕೌಂಟರಿಗೆ ಹೋದ. ಗಾಜಿನ ಹಿಂದೆ ಸುಶ್ಮಿತಾ ಇದ್ದಳು.

“ಮೃತರ ಹೆಸರು?”

“ಗುಡ್ಡವ್ವ. ನಿಮಗ ಗೊತ್ತದಲ್ರಿ, ನೀವ ಹೊಡದೀರಿ.”

“ಇಲ್ಲಿ ಕುಂತಾಗ ನನಗೇನೂ ಗೊತ್ತಿರೂದಿಲ್ರಿ. ಸಾವಿನ ಕಾರಣ?”

“ಕತ್ತಿ.”

“ಎಲ್ಲಿ ತೀರಕೊಂಡ್ರು?”

“ಗುಹೆದಾಗ.”

ಅವಳು ಪರದೆ ನೋಡಿದಳು. ಆಮೇಲೆ ಅಣ್ಣಾಜಿಯನ್ನು ನೋಡಿದಳು.

“ಸರ್ವರ್ ಇಲ್ರಿ. ನಾಳೆ ಬರ್ರಿ.”

“ನಾಳೆ ಇರ್ತದೇನ್ರಿ?”

“ನೋಡ್ತೇವ್ರಿ.”

ಅಂದು ಸರ್ವರ್ ಬೆಳಗಿನಿಂದ ಚೆನ್ನಾಗಿ ನಡೆಯುತ್ತಿತ್ತು. ರೂಢಿಯಿಂದ ಬಾಯಿಗೆ ಬಂತು ಎಂದು ಸುಶ್ಮಿತಾ ಆಮೇಲೆ ನನಗೆ ಹೇಳಿದಳು. ಬಂದದ್ದನ್ನು ಹಿಂತೆಗೆದುಕೊಳ್ಳುವ ಪದ್ಧತಿ ಅವರ ಕಚೇರಿಯಲ್ಲಿ ಇಲ್ಲ.

ಶನಿವಾರ ಆನಂದತೀರ್ಥರು ಹಾಜರಿ ಕರೆದರು. “ಗುಡ್ಡವ್ವ?” ಎಂದು ಕರೆದು ತಾವೇ ಓದುವುದನ್ನು ನಿಲ್ಲಿಸಿದರು. ಪ್ರಮಾಣಪತ್ರ ಬಂದಿರಲಿಲ್ಲ.

“ಉಪನಿಯಮದ ಪ್ರಕಾರ ಆಕಿ ಇನ್ನೂ ಮೆಂಬರು,” ಎಂದು ಹಾಜರಿಯಲ್ಲಿ ಗುರುತು ಹಾಕಿದರು.

“ಹಂಗಾರ ಆಕಿ ಗುಹೆದಾಗ ಅದಾಳ,” ಎಂದಳು ಮೇಘಾ. ಅವಳ ಮುಖ ಅರಳಿತ್ತು.

“ಎದಿ ಮ್ಯಾಗ ಗಾಯ?” ಎಂದು ನಾನು ವೈದ್ಯೆಯಾಗಿ ಕೇಳಿದೆ.

“ದಾಖಲೆ ಪ್ರಕಾರ ಇಲ್ರಿ,” ಎಂದಳು ಮೇಘಾ.

ಸುಶ್ಮಿತಾ ನಿಧಾನಕ್ಕೆ ದಾಳ ಎತ್ತಿಕೊಂಡಳು. “ರಾಯರ, ನನಗ ಕೊಟ್ಟ ಅನುಮತಿಯೊಳಗ ‘ಒಂದ ಸಲ’ ಅಂತ ಎಲ್ಲೆರ ಐತೇನ್ರಿ?”

ಆನಂದತೀರ್ಥರು ಅನುಮತಿಯ ಠರಾವನ್ನು ಹಿಂದೆ ಮುಂದೆ ಓದಿದರು. ಸ್ವತಃ ಬರೆದದ್ದಾದ್ದರಿಂದ ಅದರಲ್ಲಿ ತಪ್ಪು ಇರಲು ಸಾಧ್ಯವಿರಲಿಲ್ಲ.

“ಇಲ್ಲ,” ಎಂದರು.

ಅವಳು ಹೊಡೆದಳು.

ಅಂದಿನಿಂದ ಶ್ರೀಮತಿ ಗುಡ್ಡವ್ವ ಅವರು ಪ್ರತಿ ಶನಿವಾರ ನಿಧನರಾಗುತ್ತಾರೆ. ಪ್ರತಿ ಸೋಮವಾರ ಅಣ್ಣಾಜಿ ಕೌಂಟರಿಗೆ ಹೋಗುತ್ತಾನೆ, ಸರ್ವರ್ ಇರುವುದಿಲ್ಲ. ಅನುದಾನವೂ ಬಂದಿಲ್ಲವಾದ್ದರಿಂದ ಅವನಿಗೆ ಅವಸರವಿಲ್ಲ. ಫ್ಲೆಕ್ಸಿನ ಮೇಲೆ ತಾರೀಖಿನ ಜಾಗಕ್ಕೆ ಚೀಟಿ ಅಂಟಿಸುತ್ತಾನೆ, ಗೋಡೆಗೆ ಆತು ನಿಲ್ಲುತ್ತಾನೆ. ನಿಂತು ಆಡುವವರಿಗೆ ಕೋಣೆ ಇಲ್ಲ. ಅವನು ಆಡುವುದಿಲ್ಲ, ದುಃಖದಲ್ಲಿ ನಿಂತಿದ್ದಾನೆ ಎಂದು ಇಂದಿರಾಬಾಯಿ ರಿಯಾಯಿತಿ ಕೊಟ್ಟಿದ್ದಾರೆ. ಸುಶ್ಮಿತಾ ಈಗ ಕೌಂಟರಿನಲ್ಲಿ ಬಹಳ ಶಾಂತವಾಗಿದ್ದಾಳೆಂದೂ, ಬೈದವರಿಗೂ ನಗುತ್ತಲೇ ನಾಳೆ ಬರಲು ಹೇಳುತ್ತಾಳೆಂದೂ ಸಾರ್ವಜನಿಕರಿಂದ ಮೆಚ್ಚುಗೆ ವ್ಯಕ್ತವಾಗಿದೆ. ಗುಡ್ಡವ್ವನಿಗೂ ಅಭ್ಯಾಸವಾದಂತಿದೆ. ಹೋದ ವಾರ ಕತ್ತಿ ಎತ್ತಿದಾಗ ಆಕೆ ಮೇಘಾಳ ಬಾಯಿಂದ, “ಲಗೂ ಮುಗಿಸ ತಂಗಿ, ಚಾ ಆರತೈತಿ,” ಎಂದಳು.

ಅಂದಿನ ನಡಾವಳಿಯ ಕೊನೆಯ ಕಲಮನ್ನು ಯಥಾವತ್ತಾಗಿ ಇಲ್ಲಿ ಕೊಡುತ್ತಿದ್ದೇನೆ: ‘ಶ್ರೀಮತಿ ಗುಡ್ಡವ್ವ ಅವರು ಎಂದಿನಂತೆ ಸಭೆಯ ಮಧ್ಯದಲ್ಲಿ ನಿಧನರಾದರು. ಅವರ ಹಾಜರಾತಿಯಿಂದ ಕೋರಂ ಭರ್ತಿಯಾದುದಕ್ಕಾಗಿ ಸಂಘವು ಅವರಿಗೆ ಕೃತಜ್ಞತೆ ಸಲ್ಲಿಸಿತು.’