ಹೊಸ ಗ್ರಾಫಿಕ್ಸ್ ಕಾರ್ಡು, ಹಳೆಯ ಪ್ರೊಸೆಸರು ಮತ್ತು ನಾದಿನಿಯ ನಿಶ್ಚಯ

ಕೊಲ್ಲಿ ದೇಶದ ಅಹ್ಮದಿಯಲ್ಲಿ ಆಳೆತ್ತರದ ಎಣ್ಣೆ ಪಂಪುಗಳನ್ನೇ ಬಿಚ್ಚಿ ಜೋಡಿಸುವ ಇಂಜಿನಿಯರನಾದ ನನಗೆ ಮನೆಯ ಕಂಪ್ಯೂಟರ್ ಯಾವ ಲೆಕ್ಕ! ನನ್ನ ಪ್ರೀತಿಯ ಕಾರ್ ರೇಸಿನ ಆಟ ತಡೆತಡೆದು ಓಡುತ್ತಿತ್ತು. ಫಹಾಹೀಲ್‌ನ ಅಂಗಡಿಯಿಂದ ಅತ್ಯಾಧುನಿಕ ಗ್ರಾಫಿಕ್ಸ್ ಕಾರ್ಡ್ ತಂದೆ.

ಅಂದು ಶುಕ್ರವಾರ. ಮಧ್ಯಾಹ್ನ ಧಾರವಾಡದಲ್ಲಿ ನಾದಿನಿಯ ನಿಶ್ಚಯ. ನಮ್ಮ ಫೋನುಗಳಲ್ಲಿ ವಿಡಿಯೋ ಕರೆ ಬರುತ್ತಿರಲಿಲ್ಲ; ರಜೆ ಸಿಗದ ನಾವು ಅದನ್ನು ಇದೇ ಕಂಪ್ಯೂಟರಿನಲ್ಲಿ ನೋಡಬೇಕಿತ್ತು.

“ರೀ, ಇವತ್ತೊಂದಿನ ಅದನ್ನ ಮುಟ್ಟಬ್ಯಾಡ್ರಿ,” ಎಂದಳು ಹೆಂಡತಿ ಸುನಂದಾ.

“ಹೊಸಾ ಕಾರ್ಡ್ ಹಾಕಿದ್ರ ನಿನ್ನ ತಂಗಿ ಇನ್ನೂ ಚೆಂದ ಕಾಣ್ತಾಳ. ನೀ ಸೀರಿ ಉಟ್ಕೊಂಡ್ ಬಾ!”

ಕಾರ್ಡು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಅಡ್ಡ ಬಂದ ತಗಡನ್ನು ಇಕ್ಕಳದಿಂದ ಬಗ್ಗಿಸಿದೆ. ಹಿಡಿಸಿತು! ಆಟ ಹಚ್ಚಿದೆ. ಕಾರು ಮೊದಲಿಗಿಂತ ಥಳಥಳ ಹೊಳೆಯುತ್ತ, ಮೊದಲಿನಷ್ಟೇ ಕುಂಟಿತು.

“ಪಪ್ಪಾ, ಪ್ರೊಸೆಸರ್ ಈಸ್ ಟೂ ಓಲ್ಡ್!” ಎಂದಳು ಮಗಳು ಅನು.

ನಿಜವೇ. ಹೊಸ ಕಾರ್ಡು ಚಿತ್ರ ಬರೆಯಲು ಕುಂಚ ಹಿಡಿದು ನಿಂತಿತ್ತು. ಏನು ಬರೆಯಬೇಕೆಂದು ಹೇಳಬೇಕಾದ ಹಳೆಯ ಪ್ರೊಸೆಸರು ಇನ್ನೂ ಯೋಚಿಸುತ್ತಿತ್ತು.

ಇಂಜಿನಿಯರ್ ಸೋಲೊಪ್ಪುವುದುಂಟೆ? ಸೆಟ್ಟಿಂಗಿಗೆ ಹೋಗಿ ಪ್ರೊಸೆಸರಿನ ವೇಗವನ್ನೇ ಏರಿಸಿದೆ. ಫ್ಯಾನು ವಿಮಾನದಂತೆ ಮೊರೆಯಿತು. ಸುಟ್ಟ ವಾಸನೆ ಬಂತು. ಪರದೆ ಕಪ್ಪಾಯಿತು.

ಆಗಲೇ ಫೋನು! ಧಾರವಾಡದಿಂದ ಮಾವ. “ಅಳಿಯಂದ್ರ, ಬೀಗ್ರು ಬಂದ್ರು. ನಿಮ್ಮ ಮುಖ ಯಾಕ ಕಾಣವಲ್ದು?”

“ಇಲ್ಲೆ ನೆಟ್ ಸ್ವಲ್ಪ ಸ್ಲೋ ಐತ್ರಿ…” ಏಸಿಯ ಕೆಳಗೂ ಬೆವರು ಕಿತ್ತುಬಂತು. ಕಾರ್ಡು ಕಿತ್ತೆ, ಮತ್ತೆ ಹಾಕಿದೆ, ದೇವರನ್ನು ನೆನೆದೆ. ಕಪ್ಪು ಕಪ್ಪಾಗಿಯೇ ಇತ್ತು.

ರೇಷ್ಮೆ ಸೀರೆಯುಟ್ಟು ಬಂದ ಸುನಂದಾ ಬೈಯಲಿಲ್ಲ. ಪರದೆಯ ಮುಂದೆ ಕುಳಿತು ಸುಮ್ಮನೆ ಕಣ್ಣೊರೆಸಿಕೊಂಡಳು. ಬೈದಿದ್ದರೇ ವಾಸಿಯಿತ್ತು!

ಎದುರು ಮನೆಯ ಬಾಗಿಲು ಬಡಿದೆ. ಉಡುಪಿಯ ಲವೀನಾ ಬಾಯಿ ವಿಷಯ ಕೇಳಿ, “ಎಂತ ಮಾರಾಯ್ರೆ, ಮೊದಲೇ ಹೇಳುವುದಲ್ವಾ! ಲ್ಯಾಪ್‌ಟಾಪ್ ಉಂಟು, ಯಲ್ಲಾ, ಬೇಗ ಬೇಗ ಕರ್ಕೊಂಡು ಬನ್ನಿ,” ಎಂದರು.

ಉಂಗುರವಿನ್ನೂ ಬೆರಳಿನ ತುದಿಯಲ್ಲಿದ್ದಾಗ ಸುನಂದಾ ಲ್ಯಾಪ್‌ಟಾಪಿನಲ್ಲಿ ತಂಗಿಯನ್ನು ಕಂಡಳು. ಅತ್ತಳು, ನಕ್ಕಳು.

ಕೊನೆಗೆ ಮಾವ ಪರದೆಗೆ ಬಂದರು. ಉಂಗುರದ ಶಾಸ್ತ್ರಕ್ಕೆ ಮೊದಲೇ ಮಗಳು ಎಲ್ಲವನ್ನೂ ಅವರಿಗೆ ಫೋನಿನಲ್ಲಿ ವರದಿ ಮಾಡಿದ್ದಳು!

“ಹೊಸಾ ಅಳಿಯಾನೂ ಇಂಜಿನಿಯರ್ ಅದಾನ್ರಿ,” ಎಂದರು. “ಮನ್ಯಾಗ ಏನೂ ರಿಪೇರಿ ಮಾಡೂದಿಲ್ಲಂತ ಆಣಿ ಮಾಡಿಸ್ಕೊಂಡ ಉಂಗುರ ಹಾಕಿಸಿದ್ವಿ!”

ಧಾರವಾಡದ ಇಡೀ ಸಭಾಂಗಣ ನಕ್ಕಿತು. ಲವೀನಾ ಬಾಯಿಯ ಲ್ಯಾಪ್‌ಟಾಪ್ ಬಹಳ ಒಳ್ಳೆಯದು. ಒಂದು ನಗುವೂ ತಡೆತಡೆದು ಬರಲಿಲ್ಲ.