ಹರ್ನಿಯಾ ಯಾರದು, ಹೆಸರು ಯಾರದು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹತ್ತಿದ್ದು ಏದುಸಿರು ಬಿಡುತ್ತ. ಹಾಗಾಗಿ ಅದನ್ನು ಹೇಳದೆ ಮಾತು ಶುರು ಮಾಡುವ ಅಭ್ಯಾಸ ನನಗಿಲ್ಲ. ನರ್ಸಿಂಗ್ ಎಂ.ಎಸ್ಸಿ.ಗೆ ಒಂದು ಸಂಶೋಧನೆ ಮಾಡಬೇಕಿತ್ತು. ಜ್ವರ, ಬಿ.ಪಿ. ಅಳೆದು ಅಳೆದು ಸಾಕಾಗಿದ್ದ ನಾನು ಅಳತೆಯ ಗೊಡವೆಯೇ ಇಲ್ಲದ ಗುಣಾತ್ಮಕ ಸಂಶೋಧನೆ ಆರಿಸಿಕೊಂಡೆ. ಆಪರೇಷನ್ನಿಗೆ ಮುಂಚೆ ರೋಗಿಗೆ ಏನನ್ನಿಸಿತು ಎಂದು ಕೇಳಿ ಅವರ ಮಾತಿನಲ್ಲೇ ಬರೆಯುವುದು, ಗುಟ್ಟು ಉಳಿಯಲು ಹೆಸರು ಬದಲಿಸುವುದು, ಕೊನೆಗೆ ಅವರಿಗೇ ಓದಿ ಹೇಳಿ ಒಪ್ಪಿಸುವುದು. ಇಷ್ಟೇ.

ಉಳಿದ ರೋಗಿಗಳೆಲ್ಲ "ಸಬ್ ಠೀಕ್ ಥಾ, ಸಿಸ್ಟರ್" ಎಂದು ಬಾಯಿ ಮುಚ್ಚಿದ್ದರು. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದವರು ಮುಂಬಯಿ ಪಕ್ಕದ ಕಲ್ಯಾಣದಲ್ಲಿ ಹೋಟೆಲಿಟ್ಟ ಉಡುಪಿಯ ವಾಸಣ್ಣ ಒಬ್ಬರೇ. ಅವರಿಗೆ ಹರ್ನಿಯಾ ಆಗಿತ್ತು. ಅವರನ್ನು ತೆಗೆದರೆ ನನ್ನ ಪ್ರಬಂಧದಲ್ಲಿ ಉಳಿಯುವುದು ರಟ್ಟು ಮಾತ್ರ. ನಾನಿದ್ದ ಕಾಮೋಠೆಯಿಂದ ಬಸ್ಸಿನಲ್ಲಿ ಅವರ ಹೋಟೆಲಿಗೆ ಹೋಗಿ, ಗಲ್ಲಾದ ಪಕ್ಕ ಕೂತು ಓದಿದೆ: "ರಮೇಶರು ಸ್ಟ್ರೆಚರ್ ಕಂಡು 'ಅಮ್ಮಾ' ಎಂದು ಕೂಗಿ ಮಂಚದ ಸರಳು ಹಿಡಿದುಕೊಂಡರು."

"ರಮೇಶ ಯಾರು ಮಾರಾಯ್ತಿ?"

"ನೀವೇ ಅಣ್ಣಾ. ಗುಟ್ಟಿಗೆ ಇಟ್ಟ ಹೆಸರು."

"ಅದು ನನ್ನ ಹೆಂಡತಿ ತಮ್ಮನ ಹೆಸರಲ್ವಾ! ನಾನು ಮಲಗಿದ್ದಾಗ ನನ್ನ ಗಲ್ಲಾದಲ್ಲಿ ಕೂತ. ಇನ್ನು ನಿನ್ನ ಪುಸ್ತಕದಲ್ಲೂ ಅವನೇ ಕೂರುವುದಾ? ಹೊಟ್ಟೆ ಕೊಯ್ಸಿಕೊಂಡದ್ದು ನಾನು, ಹೆಸರು ಅವನಿಗಾ? ನನ್ನ ಹೆಸರೇ ಹಾಕು. ಹೋಟೆಲಿನದ್ದೂ ಹಾಕು."

"ನಿಯಮದಲ್ಲಿ ಅವಕಾಶ ಇಲ್ಲ ಅಣ್ಣಾ. ಹೆಸರು ಯಾವುದಾದರೇನು?" ಎಂದು ದೊಡ್ಡ ವೇದಾಂತಿಯಂತೆ ಹೇಳಿದೆ.

"ಹಾಗಾದ್ರೆ ನನ್ನ ಹೆದರಿಕೆ ವಾಪಸ್ ಕೊಡು," ಎಂದು ಕೈ ಚಾಚಿದರು.

ಒಪ್ಪಿಗೆ ಹಿಂದಕ್ಕೆ ಪಡೆಯುವ ಹಕ್ಕು ಅವರಿಗುಂಟು. ಅದನ್ನು ಸ್ಪಷ್ಟವಾಗಿ, ಹೆಮ್ಮೆಯಿಂದ ಓದಿ ಹೇಳಿದ್ದವಳೂ ನಾನೇ. ಸೋಮವಾರ ಗೈಡ್ ಮೇಡಂಗೆ ಪ್ರಬಂಧ ಕೊಡಬೇಕು. "ನಿಮಗೆ ಬೇಕಾದ ಸುಳ್ಳು ಹೆಸರು ನೀವೇ ಇಟ್ಟುಕೊಳ್ಳಿ," ಎಂದು ಶರಣಾದೆ.

ವಾಸಣ್ಣ ಗಿರಾಕಿಯ ಚಿಲ್ಲರೆಯನ್ನು ಮುಷ್ಟಿಯಲ್ಲೇ ಹಿಡಿದು ಯೋಚಿಸಿದರು. "ವೀರಪ್ರತಾಪ ಸಿಂಹ. ಸಿಂಹ ಬಿಡಬೇಡ."

"ವೀರಪ್ರತಾಪ ಸಿಂಹರು 'ಅಮ್ಮಾ' ಎಂದು ಕೂಗಿ..." ಸೋಮವಾರ ಮೇಡಂ ಅಷ್ಟು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಚಾಲೇಲ್, ನಡೆಯುತ್ತೆ," ಎಂದರು.

ಡೊಂಬಿವಲಿಯಲ್ಲಿ ಬೈಂಡಿಂಗಿಗೆ ಕೊಟ್ಟೆ. ಅಂಗಡಿಯವನು ರಟ್ಟು ತೋರಿಸಿ, "ಮ್ಯಾಡಂ, ನಿಮ್ಮ ಹೆಸರು ಟೈಟಲ್‌ಗಿಂತ ಬಡಾ ಹೋ ಗಯಾ. ಛೋಟಾ ಮಾಡಲಾ?" ಎಂದ.

"ಮುಟ್ಟಬೇಡಿ! ನಡುವೆ ನಮ್ಮಪ್ಪನ ಹೆಸರು ಬಿಟ್ಟಿದ್ದೀರಿ. ಅದೂ ಬೇಕು, ಬಂಗಾರದ ಅಕ್ಷರದಲ್ಲೇ. ಇಲ್ಲದಿದ್ದರೆ ನನ್ನ ಪುಸ್ತಕ ವಾಪಸ್ ಕೊಡಿ," ಎಂದು ಕೈ ಚಾಚಿದೆ, ಥೇಟ್ ವೀರಪ್ರತಾಪ ಸಿಂಹರ ಹಾಗೆ.